ಓವಿಡ್ ಅಜ್ಜ ಬಚ್ಚಿಟ್ಟ ಸರೋವರ

ಹಿಮನಾಡಿನ ಮೂಲನಿವಾಸಿಗಳಾದ ವೆಂಡಾಟ್ ಜನರ ಊರು ವೆಂಡಾಕೆ. ಅಲ್ಲಿಯ ಓವಿಡ್ ಅಜ್ಜನಿಗೆ ಗೊತ್ತಿಲ್ಲದ ಹಳ್ಳವಿಲ್ಲ, ಅವನು ಏರದ ದಿಬ್ಬವಿಲ್ಲ. ಆದರೆ ಬೇಟೆಗೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಯಾರು ಕೇಳಿದರೂ, "ಹೀಗೇ, ಮೇಲ್ಗಡೆ" ಎಂದಷ್ಟೇ ಹೇಳುವನು. ತೊಗಲಿನ ಎಳೆಯಲ್ಲಿ ಹಿಮದ ಮೇಲೆ ನಡೆಯಲು ತೊಡುವ ಹಿಮಪಾದುಕೆ ಹೆಣೆಯುವ ಕೈ ನಿಲ್ಲುತ್ತಲೂ ಇರಲಿಲ್ಲ. ಜಾಗ ಹೇಳದಿರುವುದು ಅಪ್ಪ ಕಲಿಸಿದ ಪಾಠ. ಕಾಡು ಶ್ರೀಮಂತರ ಬೇಟೆ ಕೂಟಗಳ ಪಾಲಾಗಿದ್ದ ಕಾಲ. ಬೋನಿಟ್ಟ ಜಾಗದ ಬಗ್ಗೆ ಬಾಯಿಬಿಟ್ಟರೆ ಆ ಕೂಟಗಳ ಕಾವಲಿನವರು ಬಂದು ಬೋನು, ತುಪ್ಪಳ ಎರಡನ್ನೂ ಹೊತ್ತೊಯ್ಯುತ್ತಿದ್ದರು.

ಈ ಚಳಿಗಾಲ ಪಕ್ಕದ ಮನೆಯ ಸೊಲಾಂಜ್ ದೊಡ್ಡ ನಕ್ಷೆಯೊಂದನ್ನು ಹಿಡಿದು ಬಂದಳು. ಅವಳಿಗೆ ಊರಿನ ಮಂಡಳಿಯಲ್ಲಿ ಕೆಲಸ. ಯಾರು ಎಲ್ಲಿ ಬೇಟೆಯಾಡಿದರು, ಎಲ್ಲಿ ಬಿಡಾರ ಹೂಡಿದರು ಎಂದು ಹಿರಿಯರನ್ನು ಕೇಳಿ ಗುರುತು ಹಾಕುತ್ತಿದ್ದಳು. ನೆಲದ ಹಕ್ಕು ಕೇಳುವ ಮಾತುಕತೆಗೆ ಅದೇ ಆಧಾರ. ಉತ್ತರದ ಉದ್ದನೆಯ ಸರೋವರದ ಸುತ್ತ ಮಾತ್ರ ನಕ್ಷೆ ಬಿಳಿಯಾಗಿಯೇ ಇತ್ತು. ಶುಕ್ರವಾರ ಅದು ಸರ್ಕಾರದವರ ಮೇಜಿಗೆ ಹೋಗಬೇಕು.

"ನಾನು ಆ ಕಡೆ ಹೋಗೇ ಇಲ್ಲ ಕಣಮ್ಮ," ಎಂದ ಅಜ್ಜ.

ಒಲೆಯ ಬಳಿಯಿಂದ ಅವನ ಹೆಂಡತಿ ಎಡ್ವಿಜ್ ಅಂದಳು: "ಹೌದಮ್ಮ, ನಲವತ್ತು ಚಳಿಗಾಲ ಈ ಮನುಷ್ಯ ತುಪ್ಪಳಾನ ಅಂಗಡೀಲಿ ಕೊಂಡ್ಕೊಂಡು ಬರ್ತಿದ್ದ."

ಸೊಲಾಂಜ್ ನಗಲಿಲ್ಲ. ಕಾವಲಿನವರ ಆ ಕಾಲ ಹೋಯಿತೆಂದೂ, ಹಿರಿಯರು ಹೇಳಿದ ಗುಟ್ಟಿನ ಜಾಗಗಳು ಮಂಡಳಿಯ ಬೀರುವಿನಲ್ಲೇ ಉಳಿಯುವುವೆಂದೂ, ಹೊರಗೆ ಹೋಗುವುದು ಸುತ್ತಲ ಪ್ರದೇಶದ ಗುರುತು ಮಾತ್ರವೆಂದೂ ತಿಳಿಸಿದಳು.

"ಅಜ್ಜ, ನಕ್ಷೆ ಬಿಳಿ ಇದ್ರೆ, ಇಲ್ಲಿ ವೆಂಡಾಟರು ಯಾರೂ ಓಡಾಡ್ಲಿಲ್ಲ ಅಂತ ಸರ್ಕಾರದವ್ರು ಬರ್ಕೋತಾರೆ. ನೀನು ಯಾರಿಂದ ಬಚ್ಚಿಟ್ಯೋ, ಅಂಥವ್ರಿಗೇ ಅದು ಅನುಕೂಲ."

ಅಜ್ಜ ಹೆಣಿಗೆಯ ಇನ್ನೊಂದು ಎಳೆ ಬಿಗಿದ. ಎಡ್ವಿಜ್ ಜೋಳದ ಗಂಜಿ ತಂದಿಟ್ಟಳು.

"ಎಲ್ಲೆಲ್ಲೂ ನೀರೇ ಇದ್ದಾಗ ಕಪ್ಪೆ ತಳದಿಂದ ಬಾಯಲ್ಲಿ ಮಣ್ಣು ತಂತಲ್ಲ, ಆಮೆ ಬೆನ್ನ ಮೇಲೆ ಹರಡೋಕೆ," ಎಂದಳು. "ಅದೂ ನಿನ್ನ ಹಾಗೆ ಬಾಯಿ ಮುಚ್ಕೊಂಡು ಕೂತಿದ್ರೆ, ನೆಲ ಅನ್ನೋದು ಎಲ್ಲಿಂದ ಬರ್ತಿತ್ತು?"

ಮೊಮ್ಮಕ್ಕಳಿಗೆ ಅವನೇ ಕೈಮುಗಿಯುವಷ್ಟು ಭಕ್ತಿಯಿಂದ ಹೇಳುತ್ತಿದ್ದ, ನೆಲ ಹುಟ್ಟಿದ ಕಥೆ ಅದು. ಅಜ್ಜ ಹೆಣಿಗೆ ಕೆಳಗಿಟ್ಟು ನಕ್ಷೆಯ ಮೇಲೆ ಬಾಗಿದ.

"ಇದು ತಪ್ಪು. ಹಳ್ಳ ಹೀಗೆ ತಿರುಗಲ್ಲ," ಎಂದ. "ಇಲ್ಲಿ ಅಪ್ಪನ ಬಿಡಾರ. ಈ ದಿಬ್ಬದ ಮೇಲೆ ನನ್ನ ತಮ್ಮನ್ನ ಮಣ್ಣು ಮಾಡಿದ್ದು. ಬರ್ಕೋ."

ಆ ದಿಬ್ಬ ಯಾವುದೆಂದು ಎಡ್ವಿಜ್‌ಗೂ ಅಂದಿನವರೆಗೆ ಗೊತ್ತಿರಲಿಲ್ಲ. ಅವಳು ಬಂದು ಅವನ ಪಕ್ಕದಲ್ಲಿ ಕುಳಿತಳು.

ಹಿರಿಯರೇ, ನಕ್ಷೆ ಹಿಡಿದವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಗುಟ್ಟು ಹೇಗೆ ಕಾಯುತ್ತೀರಿ ಎಂದು ಮೊದಲು ಅವರನ್ನು ಕೇಳಿ. ಆಮೇಲೆ ನೆನಪಿದ್ದಷ್ಟನ್ನೂ ಹೇಳಿ. ಮನೆಮಂದಿಯೇ, ನೀವೂ ಜೊತೆಗೆ ಕೂತು ಕೇಳಿಸಿಕೊಳ್ಳಿ. ಮಾತುಕತೆಯ ಮೇಜಿನ ಮುಂದೆ ನೆಲ ತಾನಾಗಿ ಮಾತಾಡದು. ಅದರ ಪರವಾಗಿ ನೀವೇ ಮಾತಾಡಬೇಕು.