ಎಡಗಡೆಯ ಬಾಗಿಲು

ಸುಟ್ಟುಹೋಗಿದ್ದ ಟಾಕೀಸನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟುತ್ತಾರೆಂದು ಸುದ್ದಿ ಬಂದಾಗ ಊರಿಗೆ ಊರೇ ಕುಣಿಯಿತು. ನಾನು ಅದಕ್ಕೆ ಪರದೆ ಹೊಲಿದುಕೊಟ್ಟೆ. ಹೊಟ್ಟೆಪಾಡು, ಬಂದ ಕೆಲಸ ಬಿಡಲಾಗುತ್ತದೆಯೇ? ಕೆಂಪು ಮಖಮಲ್ಲು ಹರಡಿಕೊಂಡು ನನ್ನ ಹೊಲಿಗೆ ಅಂಗಡಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ.

ನನ್ನ ಅಕ್ಕ ಸತ್ತದ್ದು ಆ ಟಾಕೀಸಿನಲ್ಲಿ. ಆಗೆಲ್ಲ ಆಟ ಶುರುವಾದ ಕೂಡಲೇ ಎಡಗಡೆಯ ಬಾಗಿಲಿಗೆ ಒಳಗಿನಿಂದ ಸರಪಳಿ ಬಿಗಿದು ಬೀಗ ಜಡಿಯುತ್ತಿದ್ದರು. ಟಿಕೆಟ್ಟಿಲ್ಲದವರು ನುಸುಳಬಾರದಲ್ಲ! ರೀಲಿಗೆ ಬೆಂಕಿ ಹತ್ತಿದಾಗ ಬೀಗದ ಕೈ ಇಟ್ಟುಕೊಂಡವನು ಚಹಾ ಕುಡಿಯಲು ಹೋಗಿದ್ದ. ಅಮ್ಮ ಮನೆಯಿಂದ ಓಡಿ ಬಂದು ಹೊರಗಿನಿಂದ ಆ ಬಾಗಿಲು ಬಡಿದಳು. ಒಳಗಿನಿಂದ ಹೆಂಗಸರೂ ಮಕ್ಕಳೂ ಬಡಿಯುತ್ತಿದ್ದರು. ಆಮೇಲೆ ಬಡಿಯುವುದು ನಿಂತಿತು.

ಹಳೆಯ ಮಾಲೀಕರ ಮೊಮ್ಮಗ ಮೊದಲ ಆಟಕ್ಕೆ ಕರೆಯಲು ಮನೆಗೇ ಬಂದ. ಕಣ್ಣಿಗೆ ಪೊರೆ ಬಂದಿರುವ ಅಮ್ಮ ದನಿ ಬಂದ ಕಡೆ ತಿರುಗಿ ಕೇಳಿದಳು:

"ಆ ಬಾಗಿಲು ತೆಗೀತೀಯೇನಪ್ಪಾ? ತೆಗೆದ್ರೆ ಬರ್ತೀನಿ. ಸಾಯೋಕೆ ಮುಂಚೆ ಅದನ್ನೊಂದು ಸಲ ದಾಟಬೇಕು."

"ಅಯ್ಯೋ ಅಜ್ಜಿ, ಅದಕ್ಕೇನಂತೆ! ನೀವೇ ತೆಗೀರಿ."

ಮೊದಲ ಆಟದ ದಿನ ಅಮ್ಮನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಟಾಕೀಸು ಚೆನ್ನಾಗಿರಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಟಿಕೆಟ್ ಕಿಟಕಿಗೆ ಕೈ ಮಾತ್ರ ತೂರುವ ಅದೇ ಕಿಂಡಿ, ಚಾವಣಿಯಲ್ಲಿ ಗಾರೆಯ ಹೂಗಳು, ಫಳಫಳ ಹೊಳೆಯುವ ಹಿತ್ತಾಳೆಯ ಕಂಬಿ. ಗೇಟಿನವರಿಗೂ ಹಳೇ ಕಾಲದ ಖಾಕಿ ಕೋಟು ತೊಡಿಸಿದ್ದರು. ನಾನು ಪರದೆ ತೂಗಿಹಾಕಲು ಹೋದಾಗ ಬಟ್ಟೆ ಮುಚ್ಚಿದ್ದ ಎಡಗಡೆಯ ಬಾಗಿಲು ಈಗ ಪಾಲಿಶ್ ಹೊಡೆಸಿಕೊಂಡು ನಿಂತಿತ್ತು. ಅದರ ಹಿಡಿಗಳಿಗೆ ಹೊಸ ಸರಪಳಿ ಸುತ್ತಿ ಬೀಗ ಹಾಕಿದ್ದರು.

ಮೊಮ್ಮಗನನ್ನು ಪಕ್ಕಕ್ಕೆಳೆದು, "ಇದೇನ್ರೀ ಇದು?" ಎಂದೆ.

"ಹಳೇ ಫೋಟೋ ನೋಡಿ ಮಾಡ್ಸಿದ್ದು, ಅಕ್ಕಾ. ಸರಪಳಿನೂ ಬಿಟ್ಟಿಲ್ಲ!" ಎಂದು ಹೆಮ್ಮೆಯಿಂದ ನಕ್ಕ.

"ಬೀಗ ತೆಗೀರಿ."

"ತೆಗೆದ್ರೆ ಹಿಂದೆ ಗೋಡೆ. ಆ ಕಡೆ ತಿಂಡಿ ಅಂಗಡಿ ಬಂತಲ್ಲ. ಇದು ಬರೀ ಅಂದಕ್ಕೆ."

"ಮತ್ತೆ ಅಮ್ಮಂಗೆ ಮಾತು ಕೊಟ್ರಲ್ಲ?"

"ವಯಸ್ಸಾದೋರು, ಮರೀತಾರೆ ಅಂದ್ಕೊಂಡೆ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಷ್ಟರಲ್ಲಿ ದೀಪಗಳು ಒಂದೊಂದಾಗಿ ಮಂಕಾದವು. ತಿರುಗಿ ನೋಡಿದರೆ ಅಮ್ಮ ಕುರ್ಚಿಯಲ್ಲಿರಲಿಲ್ಲ. ಗೋಡೆ ತಡಕಿಕೊಂಡು ಬಾಗಿಲ ಬಳಿ ಹೋಗಿಬಿಟ್ಟಿದ್ದಳು. ಕೈಗೆ ಸರಪಳಿ ಸಿಕ್ಕಿತು. ಅದನ್ನು ಎಳೆದಳು, ಮತ್ತೆ ಎಳೆದಳು.

"ತೆಗೀರೋ! ಮಕ್ಕಳಿದಾವೆ ಒಳಗೆ! ನನ್ನ ಮಗಳಿದಾಳೆ, ತೆಗೀರೋ!"

ಎರಡೂ ಕೈಯಿಂದ ಬಾಗಿಲು ಬಡಿದಳು. ಖಾಕಿ ಕೋಟಿನವನೊಬ್ಬ ಏನು ಮಾಡಲೂ ತೋಚದೆ ಟಾರ್ಚು ಹಾಕಿದ. ಬೆಳಕು ಅವಳ ಬೆನ್ನ ಮೇಲೆ ಬಿತ್ತು. ಕೂತಿದ್ದ ಜನ ಇದೂ ಕಾರ್ಯಕ್ರಮದಲ್ಲೇ ಇದೆ ಎಂದುಕೊಂಡರು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದ್ದೇ ತಡ, ಟಾಕೀಸೆಲ್ಲ ತಟ್ಟಿತು.

ನಾನು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ಅಮ್ಮ ಚಪ್ಪಾಳೆಗೆ ಕಿವಿಗೊಟ್ಟು ನಿಂತಳು.

"ತೆಗೆದ್ರೇನೇ?"

"ತೆಗೆದ್ರಮ್ಮ. ಬಾ."

ತೋಳು ಹಿಡಿದು ಮುಂಬಾಗಿಲಿಂದ ಬೀದಿಗೆ ಕರೆತಂದೆ. ಮುಖಕ್ಕೆ ಗಾಳಿ ತಾಗಿದ್ದೇ ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಎಲ್ರೂ ಬಂದ್ರಾ?"