ಗುತ್ತೆವ್ವನ ಹೊಲದ ಕರಿ ಕೋಲು

ನಮ್ಮ ಮೇಡ್ಲೇರಿಯವರಿಗೆ ನೀರು ಬಿಟ್ಟು ಗೊತ್ತೇ ಹೊರತು ನಿಲ್ಲಿಸಿ ಗೊತ್ತಿಲ್ಲ. ಹೊಳೆಯ ನೀರನ್ನು ಮನಸೋಇಚ್ಛೆ ಹರಿಸಿ ೨೦೦೭ರ ಹೊತ್ತಿಗೆ ಎಷ್ಟೋ ಹೊಲಗಳು ಉಪ್ಪೇರಿ ಸವಳು ಹಿಡಿದಿದ್ದವು. ಆಗ ಬುದ್ಧಿ ಬಂತು. ನೀರಿನ ಸಂಘದ ಹಿರಿಯ ಸೋಮಪ್ಪ ಎಲ್ಲರನ್ನೂ ಕೂಡಿಸಿ, ಇನ್ನು ಒಣಗಿದ ಹೊಲಕ್ಕೆ ಮಾತ್ರ ನೀರಿನ ಪಾಳಿ, ತೇವ ಇದ್ದಲ್ಲಿಗೆ ಇಲ್ಲ ಎಂದು ಯೋಜನೆ ಹಾಕಿದ. ಆದರೆ ಯಾವುದು ತೇವ, ಯಾವುದು ಒಣ? ಕೇಳಿದರೆ ಪ್ರತಿಯೊಬ್ಬನ ಹೊಲವೂ ಮರುಭೂಮಿಯೇ.

ಅದನ್ನು ಹೇಳಲು ಅರುಣಾ ಬಂದಳು. ನಮ್ಮೂರ ಗುತ್ತೆವ್ವನ ತಂಗಿಯ ಮಗಳು, ಧಾರವಾಡದಲ್ಲಿ ಇಂಗಾಲದ ನ್ಯಾನೊ ಕೊಳವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕಣ್ಣಿಗೆ ಕಾಣದ ಆ ಕೊಳವೆಗಳನ್ನು ಮಸಿಯಂತೆ ಬಳಿದ ಕೋಲುಗಳನ್ನು ಹೊಲಹೊಲದಲ್ಲೂ ಹೂತಳು. ತೇವ ತಾಗಿದರೆ ಕೊಳವೆಯಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ, ಅದನ್ನು ಮೀಟರು ತೋರಿಸುತ್ತದೆ ಎಂದಳು. ನಾವು ತಿಳಿದವರಂತೆ ತಲೆಯಾಡಿಸಿದೆವು. ಮೀಟರು ನೋಡುವುದನ್ನು ಸೋಮಪ್ಪನಿಗೆ ಕಲಿಸಿ ಅವಳು ಧಾರವಾಡಕ್ಕೆ ಹೋದಳು.

ಗುತ್ತೆವ್ವನಿಗೆ ಹಿಗ್ಗೋ ಹಿಗ್ಗು. ಒಬ್ಬಂಟಿ ಹೆಂಗಸು, ಇದ್ದದ್ದು ಅದೊಂದೇ ಹೊಲ. ಬ್ಯಾಡಗಿ ಪೇಟೆಯಲ್ಲಿ ಅವಳ ಮೆಣಸಿನಕಾಯಿಯ ಬಣ್ಣ ನೋಡಿಯೇ ಇದು ಗುತ್ತೆವ್ವನದು ಎನ್ನುತ್ತಿದ್ದರು. ತಂಗಿಯ ಮಗಳ ಕೋಲು ನಿಂತ ನೆಲ ಇನ್ನೂ ಹಸನಾಗಲಿ ಎಂದು ಕುರಿಗಾರ ಹೇಮಪ್ಪನನ್ನು ಗುತ್ತಲದಿಂದ ಕರೆಸಿ, ಊಟ ಹಾಕಿ, ಹೊಲದಲ್ಲಿ ಕುರಿ ತರುಬಿಸಿದಳು. ಹಿಂಡು ರಾತ್ರಿ ಅಲ್ಲೇ ಮಲಗಿ ಹಿಕ್ಕೆ, ಉಚ್ಚೆ ಬಿಟ್ಟರೆ ಬೇರೆ ಗೊಬ್ಬರವೇ ಬೇಡ. ಕೋಲಿನ ಸುತ್ತ ಒಂದಷ್ಟು ಹೆಚ್ಚೇ ನಿಲ್ಲಿಸಿದಳು. ಇದು ಅರುಣಾಗೆ ತಿಳಿಸುವ ವಿಷಯವೆಂದು ಯಾರಿಗೂ ಅನಿಸಲಿಲ್ಲ.

ಮಳೆ ಬಂತು, ಗುತ್ತೆವ್ವ ಮೆಣಸಿನ ಸಸಿ ಹಚ್ಚಿದಳು, ಮಳೆ ಹೋಯಿತು. ಸೋಮಪ್ಪ ಮೀಟರು ಹಿಡಿದು ನೋಡಿದರೆ ಊರಿಗೆಲ್ಲ ಅವಳ ಹೊಲವೇ ಹೆಚ್ಚು ತೇವ. ಅವಳ ಪಾಳಿ ಪಕ್ಕದವರಿಗೆ ಹೋಯಿತು. ಎಲೆ ಜೋತು ಬಿದ್ದವು. ತೇವ ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದುಕೊಂಡ ಗುತ್ತೆವ್ವ, ನೀರು ಬಸಿದು ಹೋಗಲೆಂದು ಬದುವಿನ ಗುಂಟ ಕಾಲುವೆ ತೋಡಿದಳು. ತೋಡುವಾಗ ಗಟ್ಟಿ ನೆಲಕ್ಕೆ ಬಡಿದು ಗುದ್ದಲಿ ಖಣ್ ಎನ್ನುತ್ತಿತ್ತು. ದಾರಿಯಲ್ಲಿ ಹೋಗುವ ನಾವೂ ಕೇಳಿಸಿಕೊಂಡೆವು, ಒಬ್ಬರೂ ನಿಲ್ಲಲಿಲ್ಲ.

ಸುದ್ದಿ ತಿಳಿದು ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಅರುಣಾ ಓಡಿಬಂದಳು. ಕೋಲಿನ ಬುಡದ ಮಣ್ಣು ಅಗೆದು ಮೂಗಿಗೆ ಹಿಡಿದಳು. ಅಮೋನಿಯಾದ ಘಾಟು. ಕುರಿ ಉಚ್ಚೆಯಿಂದ ಏಳುವ ಅಮೋನಿಯಾ ತಾಗಿದರೂ ಕೊಳವೆ ತೇವ ತಾಗಿದಂತೆಯೇ ವರ್ತಿಸುತ್ತದೆ, ಎರಡರ ಭೇದ ಅದಕ್ಕೆ ಗೊತ್ತಾಗುವುದಿಲ್ಲ ಎಂದಳು. ಸೋಮಪ್ಪ ಕೂಡಲೇ ಪಂಪು ಚಾಲೂ ಮಾಡಿಸಿದ. ನೀರು ಸಾಲುಸಾಲಿಗೂ ಹರಿಯಿತು. ಮರುದಿನ ಒಂದು ಸಸಿಯೂ ತಲೆ ಎತ್ತಲಿಲ್ಲ.

ನಮಗೆಲ್ಲ ಸಿಟ್ಟು ಬಂದಿತ್ತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಬದುವಿನ ಮೇಲೆ ನಿಂತಿದ್ದೆವು.

"ದೊಡ್ಡವ್ವಾ, ದಿನಾ ಬರಿಗಾಲಾಗ ಹೊಲಾ ತಿರಗ್ತಿ," ಎಂದಳು ಅರುಣಾ. "ಮಣ್ಣು ಒಣಗೇತಿ ಅಂತ ನಿನ್ನ ಕಾಲಿಗೆ ಗೊತ್ತಾಗಲಿಲ್ಲೇನು?"

ಗುತ್ತೆವ್ವ ಕೆಸರಲ್ಲಿದ್ದ ತನ್ನ ಪಾದ ನೋಡಿಕೊಂಡಳು.

"ಗೊತ್ತಾಗಿತ್ತವ್ವ. ಕಾಲಿಗೆ ವಯಸ್ಸಾತು ಅಂತ ತಿಳಕೊಂಡೆ."