ಎದೆಗೆ ಕಟ್ಟುವ ಕರೆಂಟು

ಜಜ್ಜಿದ ಈರುಳ್ಳಿಯ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಸೋದರತ್ತೆ ಆಗಾಗ ಕಣ್ಣು ಕತ್ತಲಿಟ್ಟು ಬೀಳುತ್ತಿದ್ದಳು. ಮೂಗಿಗೆ ಈರುಳ್ಳಿ ಹಿಡಿಯುತ್ತಿದ್ದರು, ಕೈಗೆ ಬೀಗದಕೈ ಕೊಡುತ್ತಿದ್ದರು. ನಾಡಿ ಹಿಡಿದು ನೋಡಿದವರು ಒಬ್ಬರೂ ಇಲ್ಲ. ಒಂದು ಸಲ ಬಿದ್ದವಳು ಏಳಲೇ ಇಲ್ಲ.

ಈ ವರ್ಷ, ೧೯೫೯ರ ಬೇಸಿಗೆಯಲ್ಲಿ, ಚಾಮರಾಜಪೇಟೆಯ ನಮ್ಮ ಪಕ್ಕದ ಮನೆಯಿಂದ ಅದೇ ವಾಸನೆ ಬಂತು. ಓಡಿದೆ. ಶೈಲಜಮ್ಮ ನಡುಮನೆಯಲ್ಲಿ ಬಿದ್ದಿದ್ದಳು. ಪಕ್ಕದಲ್ಲಿ ಅವಳ ಗಂಡ, ಜವಳಿ ಅಂಗಡಿಯ ಮಲ್ಲಿಕಾರ್ಜುನಯ್ಯ. ಜೊತೆಗೆ ಕೋಟು ಹಾಕಿದ ಒಬ್ಬ ಮಾರಾಟಗಾರ. ಅವನ ಕೈಯಲ್ಲಿ ತಗಡಿನ ಬಿಲ್ಲೆ ಹೊಲಿದ ಪಟ್ಟಿ, ಅದರಿಂದ ಗೋಡೆಯ ಪ್ಲಗ್ಗಿಗೆ ವೈರು.

"ಏನ್ರೀ ಇದು?" ಅಂದೆ.

"ಇವಳು ಪದೇ ಪದೇ ಬೀಳ್ತಾಳೆ ಅಂತ ಇವರನ್ನ ಕರೆಸಿದೆ. ಅಮೆರಿಕದಲ್ಲಿ ಕರೆಂಟ್ ಕೊಟ್ಟು ಹೃದಯಾನ ಓಡಿಸ್ತಾರಂತೆ ಅಮ್ಮಾ, ಪೇಪರಲ್ಲಿ ಬಂದಿತ್ತು. ಇದೂ ಅದೇ ಅಂತೆ," ಅಂದರು ಮಲ್ಲಿಕಾರ್ಜುನಯ್ಯ.

ಕೋಟಿನವನು ಶೈಲಜಮ್ಮನ ಎದೆಯ ಮೇಲಿನ ಬೆಳ್ಳಿ ಕರಡಿಗೆ ತೋರಿಸಿದ. "ಇದನ್ನ ತೆಗೀರಿ. ಲೋಹ ತಾಕಬಾರದು."

ಆಗಷ್ಟೇ ಕಣ್ಣು ಬಿಟ್ಟ ಶೈಲಜಮ್ಮ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದರಲ್ಲಿ ನನ್ನ ಲಿಂಗ ಇದೆ. ಉಸಿರಿರೋವರೆಗೂ ತೆಗೆಯೋಳಲ್ಲ."

"ಹಾಗಾದ್ರೆ ಅದರ ಮೇಲೇ ಕಟ್ಟೋಣ ಬಿಡಿ," ಅಂದ ಆ ಪುಣ್ಯಾತ್ಮ!

ನನ್ನ ಮೈ ಉರಿದುಹೋಯಿತು. ಪ್ಲಗ್ಗಿನಿಂದ ವೈರು ಕಿತ್ತೆ.

"ಕಾಲೇಜು ಓದಿದವರ ಹಾಗೆ ಕಾಣ್ತೀರಿ, ಸರಿ, ಕರೆಂಟಿನ ವಿಷಯ ನಿಮಗೇನ್ರೀ ಗೊತ್ತು?" ಎಂದು ಕೋಟಿನವನು ಗುರ್ ಅಂದ.

"ಕರೆಂಟು ಗೊತ್ತಿಲ್ಲಪ್ಪಾ. ಕೊಲೆ ಅಂದ್ರೆ ಏನು ಅಂತ ಗೊತ್ತು. ಡಾಕ್ಟರಿಗೆ ಹೇಳಿಕಳಿಸ್ತೀನಿ, ಅವರೆದುರಿಗೆ ಕಟ್ಟು."

ಡಾಕ್ಟರ್ ಅಂದ ಕೂಡಲೇ ಅವನಿಗೆ ಮಲ್ಲೇಶ್ವರದಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಡಾಕ್ಟರ್ ಶಿವಕುಮಾರಿ ಬಸವನಗುಡಿಯಿಂದ ಊಟ ಬಿಟ್ಟು ಬಂದರು. ಪಟ್ಟಿಯ ಕಥೆಯನ್ನೆಲ್ಲ ಹೇಳಿದೆ. ಸ್ಟೆತೋಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡರು. ಕರಡಿಗೆಯನ್ನು ತಾವು ಮುಟ್ಟದೆ, "ನೀವೇ ಸ್ವಲ್ಪ ಪಕ್ಕಕ್ಕೆ ಸರಿಸ್ಕೊಳ್ಳಿ ತಾಯಿ," ಅಂದರು.

"ನಾಡಿ ತುಂಬಾ ನಿಧಾನ. ತಲೆಗೆ ರಕ್ತ ಸಾಲದೆ ಬೀಳ್ತಿದಾರೆ. ಗಾಳಿ ಗ್ರಹ ಏನೂ ಅಲ್ಲ."

"ಹಾಗಾದ್ರೆ ಆ ಅಮೆರಿಕದ ಮೆಷಿನ್ ಸುಳ್ಳೇ?" ಮಲ್ಲಿಕಾರ್ಜುನಯ್ಯ ಬಿಡಲಿಲ್ಲ.

"ನಿಜವೇ. ಒಂದು ಬಗೆ ಗೋಡೆಯ ಕರೆಂಟಿನದು. ಜೀವ ಉಳಿಸುತ್ತೆ, ಆದರೆ ನೋವು, ಚರ್ಮ ಸುಡುತ್ತೆ. ಕರೆಂಟ್ ಹೋದ್ರೆ ಅದೂ ನಿಲ್ಲುತ್ತೆ."

"ನಮ್ಮ ಬೀದೀಲಿ ಗುಡುಗಿದ್ರೆ ಸಾಕು, ಹೋಗುತ್ತೆ!" ಅಂದರು ಮಲ್ಲಿಕಾರ್ಜುನಯ್ಯ.

"ಇನ್ನೊಂದು ಬ್ಯಾಟರಿಯದು. ಕರೆಂಟಿನ ಹಂಗಿಲ್ಲ, ಓಡಾಡಬಹುದು. ಆದರೆ ವೈರು ಎದೆಯೊಳಗೆ ಹೋಗೋ ಜಾಗ ಕೀವಾಗಬಹುದು. ಮೂರನೇದು ಪೂರ್ತಿ ಮೈಯೊಳಗೇ ಇಡೋದು. ಹೋದ ವರ್ಷ ಮೊದಲ ಸಲ ಇಟ್ಟರು, ಇನ್ನೂ ನೆಚ್ಚೋ ಹಾಗಿಲ್ಲ. ಯಾವುದೇ ಆಗಲಿ, ಆಸ್ಪತ್ರೆಯಲ್ಲಿ ತಿಳಿದ ಡಾಕ್ಟರೇ ಮಾಡಬೇಕು. ನನಗೆ ಗೊತ್ತಿದ್ದ ಹಾಗೆ ಇಲ್ಲಿಗೆ ಒಂದೂ ಬಂದಿಲ್ಲ."

"ಮತ್ತೆ ಆ ಪಟ್ಟಿ?"

"ಮೂರರಲ್ಲಿ ಯಾವುದೂ ಅಲ್ಲ. ಗೋಡೆಯ ಕರೆಂಟನ್ನ ಅಳತೆಯಿಲ್ಲದೆ ನೇರ ಎದೆಗೆ ಬಿಟ್ಟು, ಇರೋ ಬಡಿತವನ್ನೂ ನಿಲ್ಲಿಸ್ತಿತ್ತು."

ಮಲ್ಲಿಕಾರ್ಜುನಯ್ಯನವರ ಮುಖ ಬಿಳಿಚಿತು. "ನಮಗೇನು ಗತಿ ತಾಯಿ?"

"ಈಗಲೇ ಆಸ್ಪತ್ರೆ. ನಾಡಿ ಚುರುಕು ಮಾಡೋ ಮಾತ್ರೆ ಇದೆ. ಪೂರ್ತಿ ವಾಸಿ ಅಂತ ಸುಳ್ಳು ಹೇಳಲ್ಲ."

"ಅಲ್ಲಿ ಲಿಂಗ ತೆಗಿ ಅಂತಾರಾ?" ಎಂದಳು ಶೈಲಜಮ್ಮ.

"ನಾನು ಜೊತೇಲೇ ಇರ್ತೀನಿ, ಬನ್ನಿ," ಅಂದರು ಡಾಕ್ಟರು.

ಮಲ್ಲಿಕಾರ್ಜುನಯ್ಯ ಜಟಕಾ ಕರೆಯಲು ಓಡಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಿದ್ದರೆ ಈರುಳ್ಳಿ ಹುಡುಕಬೇಡಿ. ಮಲಗಿಸಿ, ನಾಡಿ ನೋಡಿ, ಡಾಕ್ಟರನ್ನು ಕರೆಯಿರಿ. ಯಾರಾದರೂ ಯಂತ್ರ ತಂದರೆ, ಇದು ಯಾವ ಬಗೆ, ಇದರಿಂದ ಅಪಾಯವೇನು ಎಂದು ಕೇಳಿ. ಡಾಕ್ಟರು ಮೂರಕ್ಕೂ ಅಪಾಯ ಹೇಳಿದರು. ಅಪಾಯವೇ ಇಲ್ಲ ಅನ್ನುವವನಿಗೆ ಬಾಗಿಲು ತೋರಿಸಿ. ಅಲ್ಲಿ ಮರ್ಯಾದೆ ನೋಡಬೇಡಿ.

ಆ ಸಂಜೆ ಶೈಲಜಮ್ಮ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು ನೀರು ಕೇಳಿದಳು. ಕರಡಿಗೆ ಎದೆಯ ಮೇಲೇ ಇತ್ತು. ಬೆಳಗಿನಿಂದ ಏನೂ ತಿನ್ನದ ಡಾಕ್ಟರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಲ್ಲಿಕಾರ್ಜುನಯ್ಯ ಮನೆಯಿಂದ ತಂದ ಕ್ಯಾರಿಯರ್ ಬಿಚ್ಚಿ, ಮುದ್ದೆ ಸಾರಿನ ಡಬ್ಬಿಯನ್ನು ತಲೆತಗ್ಗಿಸಿ ಅವರ ಕೈಗಿತ್ತರು.